ತಡಿ ಸಾರ್, ತಡಿ

ಮನುಷ್ಯನ ಅಶಾಂತಿಯ ಮೂಲ ಅವನ ಮನಸ್ಸಿನಲ್ಲಿದೆ ಎಂದು ಬಲ್ಲವರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಅವರು ಯಾರೂ ನನ್ನ ಮ್ಯಾನೇಜರರ ಬಲ ಮೊಣಕಾಲನ್ನು ನೋಡಿದವರಲ್ಲ. ಕುರ್ಚಿಯಲ್ಲಿ ಕೂತ ಕ್ಷಣದಿಂದ ಏಳುವ ಕ್ಷಣದವರೆಗೆ ಅದು ಹೊಲಿಗೆ ಯಂತ್ರದ ಸೂಜಿಯ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಆ ನಡುಕಕ್ಕೆ ಮೇಜಿನ ಗಾಜು ಗುಂಯ್‌ಗುಟ್ಟುತ್ತಿತ್ತು, ಟೀ ಲೋಟದಲ್ಲಿ ಸಣ್ಣ ಸಣ್ಣ ಅಲೆಗಳೇಳುತ್ತಿದ್ದವು, ಗುಂಡುಪಿನ್ನಿನ ಡಬ್ಬಿ ಮಧ್ಯಾಹ್ನದ ಹೊತ್ತಿಗೆ ಮೇಜಿನ ಅಂಚಿಗೆ ತೆವಳಿ ಬಂದು, ಊಟವಾದ ಮೇಲೆ ಕೆಳಗೆ ಬೀಳುತ್ತಿತ್ತು. ಅದನ್ನು ಎತ್ತಿಡುವುದು ವಿಜಯವಾಡದ ಆ ಬ್ಯಾಂಕ್ ಶಾಖೆಗೆ ಹೊಸ ಅಧಿಕಾರಿಯಾಗಿ ಬಂದ ನನ್ನ ಮೊದಲ ಹೊಣೆಯಾಗಿತ್ತು.

ಅವರು ಧಾರವಾಡದ ಕಡೆಯವರು, ನಾನು ಮೈಸೂರಿನವನು. ಶಾಖೆಯಲ್ಲಿ ಕನ್ನಡದವರು ನಾವಿಬ್ಬರೇ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಹೆಸರು ಉದ್ದವಾಯಿತೆಂದು ಕಾಣುತ್ತದೆ, 'ಮೈಸೂರು' ಎಂದು ಮುಗಿಸಿಬಿಡುತ್ತಿದ್ದರು. ಲಿಫ್ಟಿಗೆ ಕಾಯುವ ಜನ ಅವರಲ್ಲ. ಸಿಗ್ನಲ್ಲಿನಲ್ಲಿ ಆಟೊ ನಿಂತರೆ ಇಳಿದು ನಡೆದುಬಿಡುತ್ತಿದ್ದರು. ಸ್ವಲ್ಪ ಮುಂದೆ ಅದೇ ಆಟೊ ಅವರನ್ನು ಹಿಂದೆ ಹಾಕಿ ಹೋಗುತ್ತಿತ್ತು. ಹೆಂಚಿನಿಂದ ಇಳಿದ ಪೆಸರಟ್ಟನ್ನು ಹಾಗೆಯೇ ಬಾಯಿಗಿಟ್ಟು, ಸುಟ್ಟ ನಾಲಗೆಯಲ್ಲಿ ದಿನವಿಡೀ ತೊದಲುತ್ತ ನಮ್ಮನ್ನು ಗದರಿಸುತ್ತಿದ್ದರು. ಕೂತು ಮಾತಾಡಿ ಸಾರ್ ಎಂದರೆ ಒಂದೇ ಉತ್ತರ: "ಕೂಡೂದು ಏನಿದ್ರೂ ರಿಟೈರ್ ಆದ ಮ್ಯಾಲ."

ತೆಲುಗನ್ನೂ ಅವರು ಇದೇ ಅವಸರದಲ್ಲಿ ಕಲಿತರು, ಅಂದರೆ ಬಿದ್ದು ಕಲಿತರು. ಒಂದು ಬೆಳಗ್ಗೆ ಅಟೆಂಡರು ಶಾಖೆಯ ನೆಲ ಒರೆಸುತ್ತಿದ್ದ. ಇವರು ಬಾಗಿಲಿನಿಂದ ಬಿರುಸಾಗಿ ನುಗ್ಗಿದ್ದನ್ನು ಕಂಡು ಕೈಯೆತ್ತಿ, "ತಡಿ ಸಾರ್, ತಡಿ" ಎಂದ. ತೆಲುಗಿನಲ್ಲಿ ತಡಿ ಎಂದರೆ ಒದ್ದೆ. ಕನ್ನಡದ ಕಿವಿಗೆ ಅದು 'ನಿಲ್ಲು'. ಅದೂ ಏಕವಚನದಲ್ಲಿ, ಅಟೆಂಡರನ ಬಾಯಲ್ಲಿ, ಮ್ಯಾನೇಜರರಿಗೆ. "ಯಾರಿಗಲೇ ತಡಿ ಅಂತಿ?" ಎಂದು ಕೇಳಿದವರು ಆ ಪ್ರಶ್ನೆ ಮುಗಿಯುವಷ್ಟರಲ್ಲಿ ಮೊಸಾಯಿಕ್ ನೆಲದ ಮೇಲೆ ಕ್ಯಾಷ್ ಕೌಂಟರಿನವರೆಗೂ ಜಾರಿ ಹೋಗಿದ್ದರು. ಮುಂಗೈಗೆ ಪ್ಲಾಸ್ಟರು ಬಿತ್ತು. ಅದನ್ನು ಧ್ವಜದ ಹಾಗೆ ಎತ್ತಿ ಹಿಡಿದು ನನಗೆ ಉಪದೇಶ ಮಾಡಿದರು: "ನೆನಪಿಟ್ಕೋ ಮೈಸೂರು. ಈ ನಾಡಾಗ ಯಾರರ ತಡಿ ಅಂದ್ರ ಹಸಿ ಅಂತ ತಿಳ್ಕೊ." ಆಮೇಲೆ ವರ್ಗವಾಗಿ ಬಂದ ಪ್ರತಿಯೊಬ್ಬ ಕನ್ನಡಿಗನಿಗೂ ತೆಲುಗಿನ ಮೊದಲ ಪಾಠ ಇದೇ. ಪಠ್ಯಕ್ಕೆ ಆಧಾರವಾಗಿ ತುಸು ಸೊಟ್ಟಗಾದ ಆ ಮುಂಗೈಯನ್ನು ತೋರಿಸುತ್ತಿದ್ದರು.

ಅವರ ಅವಸರಕ್ಕೆ ನಾನು ಪೂರ್ತಿ ನಗಲಾರೆ. ನಮ್ಮ ತಾಯಿಗೆ ಹುಷಾರು ತೀರಾ ತಪ್ಪಿದೆಯೆಂದು ಊರಿನಿಂದ ಫೋನ್ ಬಂದಾಗ ನಾನು ಮೇಜಿನ ಮುಂದೆ ಕೂತು ರಜೆ ಅರ್ಜಿ ಬರೆಯತೊಡಗಿದ್ದೆ. ಮ್ಯಾನೇಜರು ಹಾಳೆ ಕಿತ್ತುಕೊಂಡರು. "ಇದನ್ನ ಯಾರಿಗೆ ಕೊಡಾಂವಾ? ನನಗ. ನಾ ಓದ್ಯಾಯ್ತು, ನಡಿ" ಎಂದು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಯಾವ ಯಾವುದೋ ಗಲ್ಲಿಗಳಲ್ಲಿ ಹಾಯಿಸಿ, ಹೊರಟೇಬಿಟ್ಟಿದ್ದ ರೈಲಿನ ಬಾಗಿಲೊಳಕ್ಕೆ ನನ್ನನ್ನು ಮೂಟೆಯಂತೆ ತಳ್ಳಿದರು. ನಾನು ತಲುಪಿದಾಗ ಅಮ್ಮ ಗುರುತು ಹಿಡಿದು, ಊಟ ಮಾಡಿದೆಯಾ ಎಂದು ಕೇಳಿದಳು. ಮುಂದಿನ ರೈಲಿಗೆ ಹೋಗಿದ್ದರೆ ಆ ಮಾತು ನನಗೆ ಸಿಗುತ್ತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಮಧುರವಾಡದಲ್ಲಿ ಬಾಡಿಗೆ ಮನೆ ಹಿಡಿದೆ. ನಿವೃತ್ತರಾದ ಮ್ಯಾನೇಜರು ಅದೇ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿದ್ದರು. ಅಡುಗೆಮನೆಯಿಂದ ಸಮುದ್ರ ಕಾಣಬೇಕೆಂದು ಅವರ ಹೆಂಡತಿ ಬಯಸಿದ್ದರಂತೆ. ಎದುರಿನ ಎರಡು ಹೊಸ ಕಟ್ಟಡಗಳ ನಡುವೆ ಸೀರೆಯ ಅಂಚಿನಷ್ಟು ಅಗಲದ ಸಮುದ್ರ ಕಾಣುತ್ತಿತ್ತು. ಅಮ್ಮಾವರಿಗೆ ಅಷ್ಟು ಸಾಕಾಗಿತ್ತು.

ವಿಜಯವಾಡದ ಬಿಸಿಲಿನಲ್ಲಿ ತಂತಿಗೆ ಹಾಕಿದ ಪಂಚೆ ಕ್ಲಿಪ್ಪು ಹಾಕುವಷ್ಟರಲ್ಲಿ ಹಪ್ಪಳವಾಗುತ್ತದೆ. ಕಡಲ ತಡಿಯ ಈ ಊರಿನಲ್ಲಿ ಹಾಗಲ್ಲ; ಬೆಳಗ್ಗೆ ಹಾಕಿದ ಬನಿಯನ್ ಸಂಜೆ ತೆಗೆದರೆ ಇನ್ನಷ್ಟು ಭಾರವಾಗಿರುತ್ತದೆ. ಜೀವಮಾನದಲ್ಲಿ ಯಾರಿಗೂ ಕಾಯದವರು ಬನಿಯನ್ನಿಗೆ ಕಾದಾರೆಯೆ? ಕರೆಂಟಿನ ಡ್ರೈಯರು ತಂದು ಹಿಂದಿನ ಬಾಲ್ಕನಿಯಲ್ಲಿ ಪ್ರತಿಷ್ಠಾಪಿಸಿದರು.

ಅದರ ಸೇವೆಯಲ್ಲಿ ಅವರು ಎಂದೂ ಲೋಪ ಮಾಡಿದವರಲ್ಲ. ಪ್ರತಿ ಸಲವೂ ಜೂಲು ಹಿಡಿಯುವ ಜರಡಿಯನ್ನು ಹೊರಗೆಳೆದು, ಅದರ ಮೇಲೆ ಕಂಬಳಿಯಂತೆ ಕೂತ ನೂಲಿನ ಪದರವನ್ನು ಸುಲಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದರು. ಬಿಸಿಗಾಳಿ ಹೊರಹೋಗುವ, ಹಾರ್ಮೋನಿಯಮ್ಮಿನ ತಿದಿಯಂಥ ಬೆಳ್ಳಿಬಣ್ಣದ ಕೊಳವೆ ಎಲ್ಲಿಯೂ ಮಡಚಿಕೊಳ್ಳಬಾರದು. ಯಂತ್ರಕ್ಕೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬೇಕು. ಹಿಂಡದ ಬಟ್ಟೆ ಹಾಕಕೂಡದು, ಡ್ರಮ್ಮು ತುಂಬ ತುರುಕಕೂಡದು. ನೀರಿನ ಟ್ಯಾಂಕರಿನ ಬಗ್ಗೆ ಕರೆದ ಅಪಾರ್ಟ್‌ಮೆಂಟಿನ ಸಭೆಯಲ್ಲಿ ಎದ್ದು ನಿಂತು ಈ ತತ್ವಗಳನ್ನು ವಿವರಿಸಿದ್ದರು. ಕೇಳುತ್ತಿದ್ದ ಯಾರ ಮನೆಯಲ್ಲಿಯೂ ಡ್ರೈಯರು ಇರಲಿಲ್ಲ.

ಇಷ್ಟಾದರೂ ಬಟ್ಟೆ ಒಣಗುತ್ತಿರಲಿಲ್ಲ. ಮೆಕ್ಯಾನಿಕ್ಕು ಮತ್ತೆ ಮತ್ತೆ ಬಂದು, ಬಿಚ್ಚಿ, ಏನೂ ಕಾಣದೆ ಮುಚ್ಚಿ ಹೋದ. ಕಾಯಿಲೆಯನ್ನು ಕಂಡುಹಿಡಿದವರು ಅಮ್ಮಾವರು. ಒಣಗಿತೇ ಎಂದು ನೋಡಲು ಇವರು ಪದೇ ಪದೇ ಬಾಗಿಲು ತೆಗೆಯುತ್ತಿದ್ದರು, ಬಿಸಿಯೆಲ್ಲ ಬಾಲ್ಕನಿಯ ಪಾರಿವಾಳಗಳ ಪಾಲಾಗುತ್ತಿತ್ತು.

"ತಡೀರಿ," ಎಂದರು ಅಮ್ಮಾವರು. "ಅದೂ ಕುಕ್ಕರ್ ಇದ್ದಂಗ. ಮುಚ್ಚಳಾ ತೆಗೆದು ತೆಗೆದು ನೋಡಿದ್ರ ಅನ್ನ ಆಗತದೇನ್ರಿ?"

ತಡೀರಿ ಎಂಬುದು ಅವರು ಗಂಡನಿಗೆ ದಿನವಿಡೀ ಹೇಳುವ ಮಾತಾಗಿತ್ತು. ತಡೀರಿ, ಚಾ ಆರಲಿ. ತಡೀರಿ, ಚಪ್ಪಲಿ ಅದಲುಬದಲಾಗ್ಯಾವ. ತಡೀರಿ, ಆ ಮನುಷ್ಯಾ ಹೇಳೂದು ಮುಗಿಸ್ಲಿ. ಕೊನೆಯ ಆ 'ರಿ' ಬಿಟ್ಟು ಅವರು ಗಂಡನೊಂದಿಗೆ ಮಾತಾಡಿದ್ದನ್ನು ನಾನಂತೂ ಕೇಳಿಲ್ಲ.

ಮಳೆಗಾಲದ ಮೊದಲಲ್ಲಿ ಅಮ್ಮಾವರಿಗೆ ಪಾರ್ಶ್ವವಾಯು ಬಡಿಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, ಹಾಸಿಗೆ ಒದ್ದೆ ಇರಲೇಬಾರದು, ಬೆನ್ನಿನ ಚರ್ಮ ಒಡೆದರೆ ಈ ಹವೆಯಲ್ಲಿ ಮಾಯುವುದು ಕಷ್ಟ, ಅದೇ ಜೀವಕ್ಕೆ ಬಂದೀತು ಎಂದರು. ಅಂದಿನಿಂದ ಡ್ರೈಯರಿಗೆ ಬಿಡುವಿಲ್ಲ, ಮ್ಯಾನೇಜರರಿಗೂ ಇಲ್ಲ.

ನೋಡಿಕೊಳ್ಳಲು ಪೆಂದುರ್ತಿಯಿಂದ ಬಸ್ಸಿನಲ್ಲಿ ಒಬ್ಬ ಆಯಮ್ಮ ಬರುತ್ತಿದ್ದಳು. ಕೆಲವು ವಾರಗಳ ಮೇಲೆ ಅಮ್ಮಾವರ ಬಾಯಿಂದ ಒಂದೇ ಒಂದು ಮಾತು ಹೊರಟಿತು. ತಡಿ. ಆಯಮ್ಮನಿಗೆ ಹಿಗ್ಗೋ ಹಿಗ್ಗು. "ಅಮ್ಮಗಾರಿಕಿ ತೆಲುಗು ವಚ್ಚೇಸಿಂದಿ ಸಾರ್" ಎಂದು ಕೂಗಿ ಹೇಳಿದಳು. ಅಮ್ಮನಿಗೆ ತೆಲುಗು ಬಂದುಬಿಟ್ಟಿತು, ಹಾಸಿಗೆ ಒದ್ದೆ ಎನ್ನುತ್ತಿದ್ದಾರೆ ಎಂದು.

ಕನ್ನಡದ ತಡಿಯೂ ಇರಬಹುದಲ್ಲವೇ ಸಾರ್ ಎಂದು ನಾನು ಅನುಮಾನಿಸಿದೆ. ಮ್ಯಾನೇಜರು ಸೊಟ್ಟ ಮುಂಗೈಯನ್ನು ನನ್ನ ಮೂಗಿನ ಮುಂದೆ ಹಿಡಿದರು. "ನಮ್ಮಾಕಿ ನನಗ ಎಂದರ ಏಕವಚನ ಹಚ್ಚ್ಯಾಳೇನು? ಇದು ತೆಲುಗೇ. ಹಸಿ ಅಂತ ಹೇಳಾಕತ್ತಾಳ." ವಾದ ಬಿಗಿಯಾಗಿತ್ತು, ಸಾಕ್ಷಿ ಕಣ್ಣ ಮುಂದಿತ್ತು.

ಅಲ್ಲಿಂದ ಆ ಮನೆಯಲ್ಲಿ ಯಾರೂ ನಿಂತಲ್ಲಿ ನಿಲ್ಲಲಿಲ್ಲ. ಅಮ್ಮಾವರು ತಡಿ ಅನ್ನುವರು. ಆಯಮ್ಮ ಹಾಸಿಗೆಯ ಕೆಳಗೆ ಕೈಹಾಕಿ ನೋಡುವಳು. ಈ ಊರಿನ ಹವೆಯಲ್ಲಿ ಮುಟ್ಟಿದರೆ ಒಣಗಿದ್ದೂ ತುಸು ಒದ್ದೆಯೇ. ಕೂಡಲೇ ಅವರನ್ನು ಮಗ್ಗುಲಾಗಿಸಿ ಹಾಸು ಎಳೆಯುವಳು, ಮ್ಯಾನೇಜರು ಅದನ್ನು ಹೊತ್ತು ಬಾಲ್ಕನಿಗೆ ಓಡುವರು, ಒಗೆಯುವ ಯಂತ್ರದಿಂದ ಡ್ರೈಯರಿಗೆ, ಡ್ರೈಯರಿನಿಂದ ಮಂಚಕ್ಕೆ. ಬಿಸಿ ಹಾಸು ಹಾಸಿ, ಇನ್ನೊಂದನ್ನು ತರಲು ತಿರುಗಿದರೆ ಬೆನ್ನಿಗೆ ಮತ್ತೆ ತಡಿ. ಅವರು ಓಡಿದಷ್ಟೂ ಇವರು ಅನ್ನುವರು, ಇವರು ಅಂದಷ್ಟೂ ಅವರು ಓಡುವರು. ನಾನೂ ನನ್ನ ಹೆಂಡತಿಯೂ ಹೋದರೆ ಬಾಗಿಲಲ್ಲೇ ಹಾಸು ನಮ್ಮ ಕೈಗೆ ಬರುತ್ತಿತ್ತು.

ಮನುಷ್ಯರು ತಡೆದುಕೊಂಡರು, ಯಂತ್ರ ತಡೆದುಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಮೋಟಾರು ಗುಂಯ್ ಎನ್ನುತ್ತಿತ್ತು, ಡ್ರಮ್ಮು ಮಾತ್ರ ತಿರುಗುತ್ತಿರಲಿಲ್ಲ. ಮ್ಯಾನೇಜರು ಒಳಗೆ ಕೈಹಾಕಿ ತಳ್ಳಿದರೆ ಅದು ತೊಟ್ಟಿಲಿನಷ್ಟು ಹಗುರವಾಗಿ ತಿರುಗಿತು. "ಬೆಲ್ಟ್ ಹರೀತು" ಎಂದರು. ಸ್ಟಾಕು ವಿಜಯವಾಡದಲ್ಲಿದೆ, ಕೊರಿಯರಿನಲ್ಲಿ ಬರಲು ಒಂದು ವಾರವಾದೀತು ಎಂದು ಫೋನಿನಲ್ಲಿ ತಿಳಿಯಿತು. ವಾರ ಎಂಬ ಶಬ್ದ ಕಿವಿಗೆ ಬೀಳುತ್ತಲೇ ಚೀಲ ಹುಡುಕತೊಡಗಿದರು. ನಾನು ಹೋಗಿ ತರುತ್ತೇನೆ ಸಾರ್ ಎಂದರೆ, "ನೀ ಒಮ್ಮೆ ಹೋಗಿ ಬರೂದರಾಗ ನಾ ಎರಡು ಸರ್ತಿ ಹೋಗಿ ಬಂದಿರತೀನಿ" ಎಂದರು.

ಮರುದಿನ ಬೆಳಗ್ಗೆ ಅವರನ್ನು ಸ್ಟೇಷನ್ನಿಗೆ ಬಿಡಲು ಸ್ಕೂಟರಿನ ಕೀಲಿ ಹಿಡಿದು ಹೋದೆ. ನನ್ನ ಹೆಂಡತಿ ಹಾಸುಗಳನ್ನು ಇಸ್ತ್ರಿ ಮಾಡಿ ಒಣಗಿಸುತ್ತಿದ್ದಳು. ಅಮ್ಮಾವರ ಮಂಚ ಮುಂಬಾಗಿಲಿಗೆ ಎದುರಾಗಿತ್ತು. ಮ್ಯಾನೇಜರು ಹೆಗಲಿಗೆ ಚೀಲ ಹಾಕಿಕೊಂಡು ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದರು.

"ತಡಿ" ಎಂದರು ಅಮ್ಮಾವರು.

ಆಯಮ್ಮ ಕೈಹಾಕಿ ನೋಡಿದಳು. ಆಗತಾನೆ ಬದಲಿಸಿದ ಹಾಸು, ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ. "ತಡಿ ಲೇದು ಸಾರ್" ಎಂದಳು. ಒದ್ದೆಯಿಲ್ಲ.

"ತಡಿ."

ಆಯಮ್ಮ ಆಚೆ ಮಗ್ಗುಲಲ್ಲಿಯೂ ತಡವಿದಳು. "ಲೇದಮ್ಮಾ."

ಅಮ್ಮಾವರು ಹಾಸಿಗೆಯ ಕಡೆ ನೋಡುತ್ತಿರಲಿಲ್ಲ. ಅವರ ಕಣ್ಣು ಚೀಲದ ಮೇಲಿತ್ತು. ಮ್ಯಾನೇಜರು ಒಂದೇ ಚಪ್ಪಲಿಯಲ್ಲಿ ನಿಂತಿದ್ದರು. ಅವರು ಹಾಗೆ ಸುಮ್ಮನೆ ನಿಂತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಆಮೇಲೆ ತೀರಾ ಸಣ್ಣ ದನಿಯಲ್ಲಿ ಕೇಳಿದರು:

"ತಡೀರಿ ಅಂತಿಯೇನು?"

ಅಮ್ಮಾವರು ಕಣ್ಣು ಮುಚ್ಚಿ ತೆರೆದರು. ದಡ್ಡ ಹುಡುಗನಿಗೆ ಕೊನೆಗೂ ಮಗ್ಗಿ ಬಂದಾಗ ಮೇಷ್ಟರ ಮುಖದಲ್ಲಿ ಕಾಣುವ ದಣಿವು ಅವರ ಮುಖದಲ್ಲಿತ್ತು.

"ಆ 'ರಿ' ಒಂದು ಬಾಯಾಗ ಬರವಲ್ದು," ಎಂದರು ಮ್ಯಾನೇಜರು, ನಮ್ಮಲ್ಲಿ ಯಾರಿಗೆಂದಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತರು. ಮೊಣಕಾಲು ತನ್ನ ಕೆಲಸ ಶುರುಮಾಡಿತು. ಅಮ್ಮಾವರು ಸ್ವಾಧೀನದಲ್ಲಿದ್ದ ಎಡಗೈಯನ್ನು ಮೆಲ್ಲಗೆ ಸರಿಸಿ ತಂದು ಅದರ ಮೇಲಿಟ್ಟರು. ಕೈಯೂ ಸ್ವಲ್ಪ ಹೊತ್ತು ಮೊಣಕಾಲಿನೊಂದಿಗೆ ಕುಣಿಯಿತು. ಆಮೇಲೆ ಎರಡೂ ನಿಂತವು.

ಟ್ರೇನಿಗೆ ಹೊತ್ತಾಯಿತು ಸಾರ್ ಎಂದೆ.

"ಹೋಗ್ಲಿ ಬಿಡು ಮೈಸೂರು."

ಬೆಲ್ಟು ಕೊರಿಯರಿನಲ್ಲಿಯೇ ಬಂತು. ಅಷ್ಟು ದಿನ ಇಸ್ತ್ರಿಯಲ್ಲಿಯೇ ಸಾಗಿತು, ಏಕೆಂದರೆ ಬದಲಿಸಬೇಕಾದ ಹಾಸುಗಳೇ ಕಡಿಮೆಯಾಗಿದ್ದವು. ಮ್ಯಾನೇಜರು ಕುರ್ಚಿ ಬಿಟ್ಟು ಎದ್ದಾಗ ಮಾತ್ರ ತಡಿ ಕೇಳಿಸುತ್ತಿತ್ತು, ಅವರು ಮತ್ತೆ ಕೂರುತ್ತಿದ್ದರು. ಆಯಮ್ಮ ಪ್ರತಿ ಸಲವೂ ಹಾಸಿಗೆ ಮುಟ್ಟಿ ನೋಡುವುದನ್ನು ಬಿಡಲಿಲ್ಲ. ಅವಳ ಭಾಷೆಯಲ್ಲಿ ಅವಳದ್ದು ಸರಿಯೇ ಇತ್ತು.

ಅಮ್ಮಾವರು ಮರುವರ್ಷದ ಚಳಿಗಾಲದಲ್ಲಿ ಹೋದರು. ಬೆನ್ನಿನ ಚರ್ಮ ಕೊನೆಯವರೆಗೂ ಒಡೆಯಲಿಲ್ಲ. ಮ್ಯಾನೇಜರು ಅದಾದ ಮೇಲೆ ಬಹಳ ಕಾಲ ಇರಲಿಲ್ಲ. ಆ ಕುರ್ಚಿಯನ್ನು ಅಡುಗೆಮನೆಯ ಕಿಟಕಿಗೆ ಎಳೆದುಕೊಂಡು ಸೀರೆಯಂಚಿನಷ್ಟು ಸಮುದ್ರ ನೋಡುತ್ತ ಕೂತಿರುತ್ತಿದ್ದರು. ಮೊಣಕಾಲು ಮತ್ತೆ ಆಡತೊಡಗಿತ್ತು, ತಡೆಯುವವರಿರಲಿಲ್ಲ. ಅವರೂ ಹೋದ ಮೇಲೆ ಹುಬ್ಬಳ್ಳಿಯಿಂದ ಮಗಳು ಬಂದು ಮನೆ ಖಾಲಿ ಮಾಡಿದರು. "ಇದು ಮೈಸೂರಿಗೆ ಅಂತ ಅಪ್ಪ ಹೇಳಿದ್ರು" ಎಂದು ಡ್ರೈಯರನ್ನು ನಮ್ಮ ಮನೆಗೆ ಇಳಿಸಿಕೊಟ್ಟರು.

ಅದು ಈಗ ನಮ್ಮ ಬಾಲ್ಕನಿಯಲ್ಲಿದೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ. ಜರಡಿಯನ್ನು ನಾನೇ ತಿಕ್ಕುತ್ತೇನೆ. ನಡುವೆ ಬಾಗಿಲು ತೆಗೆಯುವುದಿಲ್ಲ. ಬಟ್ಟೆ ಒಣಗುತ್ತದೆ.