ಖಾಲಿ ಮನೆಯ ಬಟ್ಟೆ ತಂತಿ

ಹಾರ್ಸೆನ್ಸ್ ಊರಿನ ಒಂದು ಗಲ್ಲಿಯಲ್ಲಿ ಜುಲೈ ಬಂತೆಂದರೆ ಬೋದಿಲ್ ಕ್ರಾಗ್‌ಗೆ ಪುರುಸೊತ್ತಿಲ್ಲ. ಮೂವತ್ತು ವರ್ಷ ಹಂದಿ ಕಸಾಯಿಖಾನೆಯಲ್ಲಿ ಚಾಕು ಹಿಡಿದ ಕೈ, ಮೂರು ಮುಷ್ಕರಗಳಲ್ಲಿ ಗೇಟಿಗೆ ಅಡ್ಡ ಕೂತ ಮೈ. ಎಪ್ಪತ್ತೊಂದು ತುಂಬಿದರೂ ಎರಡೂ ಸುಮ್ಮನಿರಲು ಒಪ್ಪುವುದಿಲ್ಲ. ಬೇಸಿಗೆ ರಜೆಗೆ ಹೊರಟವರು ತಮ್ಮ ಮನೆ ಕೀಲಿಯನ್ನು ಅವಳ ಅಡುಗೆಮನೆಯ ಮೊಳೆಗೆ ನೇತುಹಾಕಿ ಹೋಗುತ್ತಾರೆ. ಅಲ್ಲಿಂದ ಅವಳ ಡ್ಯೂಟಿ ಶುರು. ತನ್ನ ಕಸವನ್ನು ಪಾಲು ಮಾಡಿ ಖಾಲಿ ಮನೆಗಳ ತೊಟ್ಟಿಗೆ ಸುರಿಯುತ್ತಾಳೆ. ತನ್ನ ಹಳೇ ಕಾರನ್ನು ದಿನಕ್ಕೊಬ್ಬರ ಅಂಗಳದಲ್ಲಿ ನಿಲ್ಲಿಸುತ್ತಾಳೆ. ಹಾದು ಹೋಗುವ ಕಳ್ಳನಿಗೆ ಒಳಗೆ ಜನ ಉಂಡು ತಿಂದುಕೊಂಡಿದ್ದಾರೆ ಅನ್ನಿಸಬೇಕು, ಅಷ್ಟೇ.

ಒಮ್ಮೆ, ಕಳ್ಳ ನುಗ್ಗಿದರೆ ಕೂಗುವ ಅಲಾರಂ ಮಾರುವವನೊಬ್ಬ ಬಂದಿದ್ದ. "ನಿನ್ನ ಪೆಟ್ಟಿಗೆ ಕಿರುಚಿಕೊಂಡ್ರೆ ಓಡಿ ಬರೋದು ಯಾರಪ್ಪಾ? ನಾನೇ ತಾನೆ?" ಎಂದು ಕೇಳಿ, ಕಾಫಿ ಕುಡಿಸಿ ಕಳಿಸಿದ್ದಳು.

ಆ ಗಲ್ಲಿಯಲ್ಲಿ ಕೀಲಿ ಕೊಡದವನು ಎದುರುಮನೆಯ ಏಗೊನ್ ಒಬ್ಬನೇ. ನಾಲ್ಕು ವರ್ಷದ ಹಿಂದೆ ಕಳ್ಳರು ಅವನ ಮನೆಗೆ ನುಗ್ಗಿ, ಸತ್ತ ಹೆಂಡತಿಯ ಒಡವೆ ಬಾಚಿಕೊಂಡು ಹೋಗಿದ್ದರು. ಅಂದಿನಿಂದ ಆ ಮುದುಕ ಒಂದು ರಾತ್ರಿಯೂ ಮನೆ ಬಿಟ್ಟು ಬೇರೆಡೆ ಮಲಗಿಲ್ಲ. ಬೋರ್ನ್‌ಹೋಮ್ ದ್ವೀಪದಲ್ಲಿ ಮಗಳು ರಿಕ್ಕೆ ಹೆತ್ತು ಐದು ತಿಂಗಳಾಗಿತ್ತು. ಮೊಮ್ಮಗಳನ್ನು ಅವನು ಫೋನಿನಲ್ಲಷ್ಟೇ ನೋಡಿದ್ದ.

"ಕಳ್ಳ ಒಡವೆ ಹೊತ್ತ, ನಿನ್ನನ್ನ ಒಳಗೆ ಹಾಕಿ ಬೀಗ ಜಡಿದ. ಜೈಲಿಗೆ ಹೋಗಬೇಕಾದವನು ಅವನೋ ನೀನೋ?" ಎಂದು ಬೋದಿಲ್ ಬೈದಳು. "ಎಂಟು ದಿನ ಕೀಲಿ ಕೊಟ್ಟು ಮಗಳ ಮನೆಗೆ ಹೋಗಿ ಬಾ. ಒಂದು ಚಮಚ ಕಳೆದ್ರೂ ನನ್ನ ಕೇಳು."

ಏಗೊನ್ ಹೊರಟ. ಇದೊಂದು ಸಲ ಏನಾದರೂ ಹೆಚ್ಚುಕಮ್ಮಿಯಾದರೆ ಅವನು ಸಾಯುವವರೆಗೂ ಹೊಸಿಲು ದಾಟುವುದಿಲ್ಲ ಎಂದು ಬೋದಿಲ್‌ಗೆ ಗೊತ್ತಿತ್ತು. ಅದಕ್ಕೇ ಅವನ ಮನೆಗೆ ಮಾತ್ರ ವಿಶೇಷ ಉಪಚಾರ. ಸುಡು ಬಿಸಿಲಿದ್ದೂ ತಂತಿ ಬರಿದಾಗಿದ್ದರೆ ಕಳ್ಳನಿಗೆ ಅನುಮಾನ ಬರುತ್ತದಲ್ಲ? ತನ್ನ ಇಡೀ ವಾರದ ಬಟ್ಟೆ ಒಗೆದು ತಂದು ಅವನ ತಂತಿಯ ಮೇಲೆ ಹರವಿದಳು.

ಐದನೆಯ ದಿನ ಮಧ್ಯಾಹ್ನ ಫೋನು ಬಂತು.

"ಬೋದಿಲ್, ನನ್ನ ಮನೇಲಿ ಯಾವಳೋ ಸೇರ್ಕೊಂಡಿದ್ದಾಳಂತೆ!" ಏಗೊನ್ ಒಂದೇ ಉಸಿರಿಗೆ ಹೇಳಿದ. "ನಾಳೆ ಬೆಳಗಿನ ಹಡಗಿಗೆ ಹೊರಟೆ."

"ಯಾರು ಹೇಳಿದ್ದು?"

"ನಮ್ಮಕ್ಕ ಆಸ್ಟಾ. ಸೈಕಲ್ಲಲ್ಲಿ ಹೋಗ್ತಾ ಕಣ್ಣಾರೆ ನೋಡಿದ್ಲಂತೆ. ತಂತಿ ಮೇಲೆ ಹೂವಿನ ಚಡ್ಡಿ, ಒಂದಲ್ಲ, ನಾಲ್ಕು. ಒಂದೊಂದೂ ಡೇರೆ ಕಟ್ಟೋಷ್ಟು ದೊಡ್ಡದಂತೆ!"

"ಡೇರೆನಾ? ಅವಳ ನಾಲಿಗೆ ಸೇದಿಹೋಗ! ಅವು ನನ್ನವು ಕಣೋ!"

ಮಾಡಿದ್ದೆಲ್ಲ ಮಣ್ಣುಪಾಲಾಯಿತು, ಮುದುಕ ಗಂಟುಮೂಟೆ ಕಟ್ಟಿದ ಎಂದುಕೊಂಡಳು ಬೋದಿಲ್. ಅಷ್ಟರಲ್ಲಿ ಅತ್ತಲಿಂದ ಹಳೇ ಪಂಪು ಗಾಳಿ ಎಳೆದಂಥ ಸದ್ದು. ಏಗೊನ್ ನಗುತ್ತಿದ್ದ. ನಾಲ್ಕು ವರ್ಷದಲ್ಲಿ ಅವಳು ಕೇಳಿರದ ನಗು. ಅಜ್ಜನ ನಗುವಿಗೆ ಬೆಚ್ಚಿ ಕೂಸು ಅಳತೊಡಗಿತು.

"ಆಸ್ಟಾಗೆ ಏನು ಹೇಳ್ಲಿ ಈಗ?"

"ಹೌದು, ಇಟ್ಕೊಂಡಿದ್ದೀನಿ ಅನ್ನು."

"ಸಂಜೆಯೊಳಗೆ ಊರೆಲ್ಲ ಹಬ್ಬಿಸ್ತಾಳೆ!"

"ಹಬ್ಬಿಸ್ಲಿ ಬಿಡೋ. ಈ ಸೈಜಿನ ಹೆಂಗಸು ಇರೋ ಮನೆಗೆ ನುಗ್ಗೋಕೆ ಯಾವ ಕಳ್ಳನಿಗೆ ಗುಂಡಿಗೆ ಇದೆ?"

ಏಗೊನ್ ಮತ್ತೆ ನಕ್ಕು ಕೆಮ್ಮಿದ. ಆಮೇಲೆ ಮೆಲ್ಲಗೆ ಕೇಳಿದ: "ಇನ್ನೂ ಎರಡು ವಾರ ನೋಡ್ಕೋತೀಯಾ?"

"ಆಗಲ್ಲ ಅಂದ್ರೆ ವಾಪಸ್ ಬರ್ತೀಯಾ?"

"ಇಲ್ಲ," ಅಂದ ಏಗೊನ್. "ಅಯ್ಯೋ, ಈ ಕೂಸು ನನ್ನ ತೊಡೆಯೆಲ್ಲ ಒದ್ದೆ ಮಾಡ್ತು, ಫೋನ್ ಇಡ್ತೀನಿ!"