ಎಂಜಲು ಜೇನು

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ವಿಷಯ ಕೊಟ್ಟು, ಪರವೋ ವಿರೋಧವೋ ಎಂದು ಚೀಟಿ ಎತ್ತಿಸಿದರೆ ಸಾಕು, ನಾಲ್ಕು ನಿಮಿಷದಲ್ಲಿ ಎದುರಿನವರ ಬಾಯಿ ಕಟ್ಟಿಸಬಲ್ಲೆ. ಹಾಗಾಗಿ ಚಿಕ್ಕಮ್ಮ ತನ್ನ ಮದುವೆಯ ವಿಷಯವನ್ನು ನನ್ನ ಮುಂದಿಟ್ಟಾಗ ಒಂದೇ ವಾರದಲ್ಲಿ ಬಗೆಹರಿಸುತ್ತೇನೆ ಎಂದುಕೊಂಡೆ. ಬಗೆಹರಿಸಲಿಲ್ಲ, ಕೆಡಿಸಿದೆ.

ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಗಂಡ ತೀರಿಕೊಂಡ ಮೇಲೆ ಮಾಲೂರಿನ ನಮ್ಮ ಮನೆಯಲ್ಲೇ ಅಜ್ಜಿಯ ಜೊತೆ ಇದ್ದಾಳೆ. ದಿನಾ ಬೆಳಗಿನ ರೈಲಿನಲ್ಲಿ ಟೇಕಲ್‌ಗೆ ಹೋಗಿ ಅಂಗನವಾಡಿ ನಡೆಸಿ ಬರುತ್ತಾಳೆ. ನಲವತ್ತೆರಡು ವರ್ಷ. ಮುಳಬಾಗಿಲಿನ ನೆಂಟರೊಬ್ಬರು ನಂಗಲಿಯ ಒಂದು ಸಂಬಂಧ ತಂದರು. ಹೆಂಡತಿ ತೀರಿಕೊಂಡವರು, ಹೆದ್ದಾರಿ ಪಕ್ಕ ಲಾರಿ ಟೈರಿನ ಅಂಗಡಿ. ಒಂದು ಸಲ ಮನೆಗೆ ಬಂದು ಉಂಡರು, ಉಂಡ ತಟ್ಟೆಯನ್ನು ಯಾರು ಬೇಡವೆಂದರೂ ಕೇಳದೆ ತಾವೇ ತೊಳೆದಿಟ್ಟರು. ಹೊರಡುವಾಗ ಚಿಕ್ಕಮ್ಮನಿಗೆ ಹೇಳಿದ್ದು ಇಷ್ಟೇ: "ಅವಸರ ಏನಿಲ್ಲಮ್ಮ. ಆದ್ರೆ ಬೇಡ ಅನ್ನೋದಾದ್ರೂ ನೀವೇ ಫೋನ್ ಮಾಡಿ ಹೇಳಿ. ಬೇರೆಯೋರ ಕೈಲಿ ಹೇಳಿಸ್ಬೇಡಿ."

ಮೂರು ತಿಂಗಳಾದರೂ ಚಿಕ್ಕಮ್ಮ ಫೋನ್ ಮಾಡಲಿಲ್ಲ. ಆ ತಟ್ಟೆಯ ಸಂಗತಿಯನ್ನು ಮಾತ್ರ ರೈಲಿನ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಳು, ಪ್ರತಿಯೊಬ್ಬರ ಅಭಿಪ್ರಾಯವನ್ನೂ ಕೇಳಿದಳು. ಅಜ್ಜಿ ಬೆಳಗ್ಗೆ "ಮಾಡ್ಕೊಳ್ಳೇ, ನಾನೆಷ್ಟು ದಿನ ಇರ್ತೀನಿ" ಎನ್ನುವಳು, ಸಂಜೆ "ಈ ವಯಸ್ನಲ್ಲಿ ಜನ ಏನಂತಾರೋ" ಎನ್ನುವಳು. ನಾನು ಮಂಗಳವಾರ ಪರವಾಗಿ ಮಾತಾಡಿದೆ. ನ್ಯಾಯವಾಗಿರಲಿ ಎಂದು ಬುಧವಾರ ವಿರೋಧವಾಗಿಯೂ ಮಾತಾಡಿದೆ. ಚಿಕ್ಕಮ್ಮ ಎರಡು ದಿನವೂ ಚಪ್ಪಾಳೆ ತಟ್ಟಿದಳು.

"ಎರಡು ಸಲಾನೂ ನೀನೇ ಗೆದ್ದೆ ಕಣೇ. ಈಗ ನಾನೇನ್ ಮಾಡ್ಲಿ?"

ಆಮೇಲೆ ಬೀದಿಯ ಕೊನೆಯ ಗಂಗಮ್ಮನ ಗುಡಿಯಲ್ಲಿ ಹೂ ಕೇಳಿದಳು. ಮೊದಲು ಬಲಕ್ಕೆ ಬಿತ್ತು. ಅನುಮಾನ ತೀರದೆ ಮತ್ತೆ ಕೇಳಿದಳು, ಎಡಕ್ಕೆ ಬಿತ್ತು. "ಒಂದೊಂದು ಸಮ ಆಯ್ತು, ಇನ್ನೊಂದ್ ಸಲ ಹಾಕ್ಸು, ಫೈನಲ್" ಎಂದೆ. ಪೂಜಾರಿ ನನ್ನತ್ತ ನೋಡಿದ ನೋಟಕ್ಕೆ ತೀರ್ಥ ತೆಗೆದುಕೊಳ್ಳದೆ ಹೊರಗೆ ಬಂದೆ.

ಈ ಕಥೆಯನ್ನು ಕೋಲಾರದ ನಮ್ಮ ಕಾಲೇಜಿನಲ್ಲಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ನೈಜೀರಿಯಾದ ಗೆಳತಿ. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಅವಳು ತಿಂಗಳಿಗೊಮ್ಮೆ ನಮ್ಮ ಮನೆಗೆ ಬರುತ್ತಿದ್ದಳು. ಮೊದಲ ದಿನವೇ ಅಜ್ಜಿಯ ಮುಂದೆ ಮಂಡಿಯೂರಿ ವಂದಿಸಿದಳು. ಅವರ ಯೊರುಬಾ ಜನರಲ್ಲಿ ಹೆಣ್ಣುಮಕ್ಕಳು ಹಿರಿಯರನ್ನು ಮಾತಾಡಿಸುವುದೇ ಹಾಗಂತೆ. "ನೋಡಿ ಕಲಿ, ಒಂದಿನ ನೀನು ಬಗ್ಗಿದ್ದುಂಟಾ?" ಎಂದು ಅಜ್ಜಿ ನನ್ನನ್ನು ಚುಚ್ಚಿದಳು. ಆಮೇಲೆ ಮುದ್ದೆ ಬಡಿಸಿದರೆ ಅವಳು ಅದನ್ನು ಅಗಿಯದೆ, ಸಾರಿನಲ್ಲಿ ಅದ್ದಿ, ನಮ್ಮವರ ಹಾಗೇ ನುಂಗಿದಳು. ಅವರ ಊರಿನಲ್ಲೂ ಇಂಥದೇ ಕಂದು ಬಣ್ಣದ ಮುದ್ದೆ ಇದೆಯಂತೆ. ಅಲ್ಲಿಗೆ ಅಜ್ಜಿಯ ಮಟ್ಟಿಗೆ ಅವಳು ಶ್ರೀನಿವಾಸಪುರದ ಕಡೆಯ ಹುಡುಗಿಯೇ ಆಗಿಹೋದಳು.

"ನಮ್ಮ ದೊಡ್ಡಮ್ಮನ್ನ ಕೇಳೋಣ" ಎಂದಳು ಗೆಳತಿ, ಮುಂದಿನ ಸಲ ಮನೆಗೆ ಬಂದಾಗ. ಅವಳ ದೊಡ್ಡಮ್ಮ ಒಬ್ಬ ನದಿದೇವತೆಯ ಪೂಜಾರಿಣಿ. ಹದಿನಾರು ಕವಡೆ ಹಾಕಿ ದಾರಿ ಹೇಳುತ್ತಾರೆ.

ನಾನು ಬೇಡವೆಂದೆ. ಚಿಕ್ಕಮ್ಮ ಕುಣಿದಾಡಿದಳು. "ನಮ್ಮ ಗಂಗಮ್ಮನಿಗೆ ನಮ್ಮನೆ ಜಗಳವೆಲ್ಲ ಗೊತ್ತು, ಪಾಪ ಅವಳಾದ್ರೂ ಏನ್ ಹೇಳ್ತಾಳೆ? ದೂರದ ದೇವರಾದ್ರೆ ಪಕ್ಷಪಾತ ಇರಲ್ಲ. ನಿಮ್ಮ ಸ್ಪರ್ಧೆಗೂ ಬೇರೆ ಕಾಲೇಜಿನ ಜಡ್ಜ್ ಕರೆಸ್ತೀರಲ್ವಾ?"

ಒಪ್ಪಿಕೊಂಡೆ. ಆದರೆ ಒಂದು ಬಲೆಯನ್ನೂ ಒಡ್ಡಿದೆ. "ಏನ್ ವಿಷಯ ಅಂತ ಅವರಿಗೆ ಹೇಳ್ಬೇಡ. ಅಷ್ಟು ಶಕ್ತಿ ಇದ್ರೆ ಅವ್ರೇ ಹೇಳ್ಲಿ" ಎಂದು ಗೆಳತಿಯಿಂದ ಮಾತು ತೆಗೆದುಕೊಂಡೆ. ಅವಳು ಯಾಕೋ ಮುಸಿಮುಸಿ ನಕ್ಕಳು.

ಭಾನುವಾರ ಹನ್ನೊಂದೂವರೆ, ಅಲ್ಲಿ ಆಗಿನ್ನೂ ಬೆಳಗ್ಗೆ ಏಳು. ಫೋನನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ನಾಲ್ವರೂ ಚಾಪೆಯ ಮೇಲೆ ಕೂತೆವು. ಬಿಳಿ ಸೀರೆಯಂಥ ಬಟ್ಟೆ, ಕೈತುಂಬ ಹಿತ್ತಾಳೆ ಬಳೆ, ಬಾಯಿತುಂಬ ನಗು, ಇದೇ ಪೂಜಾರಿಣಿ. ಅವರ ಮುಂದಿದ್ದ ಚಪ್ಪಟೆ ಬುಟ್ಟಿ ನೋಡಿ ಅಜ್ಜಿ, "ಲೇ, ಇದು ನಮ್ಮ ಮೊರ ಕಣೇ" ಎಂದಳು. ಅವರು ಯೊರುಬಾದಲ್ಲಿ ಹೇಳಿದ್ದನ್ನು ಗೆಳತಿ ಇಂಗ್ಲಿಷಿಗೂ, ನಾನು ಕನ್ನಡಕ್ಕೂ ತರಬೇಕು ಎಂದು ಗೊತ್ತಾಗಿತ್ತು.

ಅವರ ಮೊದಲ ಮಾತೇ ನನ್ನ ಬಲೆಯನ್ನು ಹರಿದುಹಾಕಿತು. "ನಿನ್ನ ಪ್ರಶ್ನೆ ನನಗೆ ಹೇಳಬೇಡ ಮಗಳೇ. ಒಂದು ನಾಣ್ಯ ಮುಷ್ಟಿಯಲ್ಲಿ ಹಿಡಿದು, ಅದರ ಕಿವಿಯಲ್ಲಿ ಪಿಸುಗುಟ್ಟು."

ಗೆಳತಿ ನಗುತ್ತಿದ್ದುದು ಇದಕ್ಕೇ. ಕೇಳಬಂದವರು ಪ್ರಶ್ನೆಯನ್ನು ಬಾಯಿಬಿಟ್ಟು ಹೇಳದಿರುವುದೇ ಅವರ ಪದ್ಧತಿ. ನಾನು ಸುಮ್ಮನಿರಲಿಲ್ಲ. ಪ್ರಶ್ನೆಯೇ ಗೊತ್ತಿಲ್ಲದೆ ಉತ್ತರ ಹೇಗೆ ಕೊಡುತ್ತೀರಿ ಎಂದು ಕೇಳಿದೆ. ಅವರು ನನ್ನನ್ನು ನೋಡಲು ಫೋನಿನ ಹತ್ತಿರ ಬಂದರು.

"ಪ್ರಶ್ನೆ ಗೊತ್ತಾದರೆ ಕವಡೆ ಯಾಕೆ? ನನಗೂ ನಾಲಗೆ ಇದೆ, ನಾನೇ ಬುದ್ಧಿ ಹೇಳಿ ಕಳಿಸುತ್ತಿದ್ದೆ."

ಅನುವಾದಿಸಿದ ಮೇಲೆ ಆ ಮಾತು ನನ್ನಲ್ಲೇ ಉಳಿಯಿತು. ಮೂರು ತಿಂಗಳಿಂದ ಚಿಕ್ಕಮ್ಮನಿಗೆ ಬುದ್ಧಿ ಹೇಳದೆ ಇದ್ದವರು ಭೂಮಿಯ ಮೇಲೆ ಇವರೊಬ್ಬರೇ. ಮಾಡಿಕೋ ಎಂದೂ ಬೇಡ ಎಂದೂ ವಾದಿಸಿ, ಎರಡರಲ್ಲೂ ಗೆದ್ದಿದ್ದವಳು ನಾನೊಬ್ಬಳೇ.

ಚಿಕ್ಕಮ್ಮ ಮುಷ್ಟಿಯೊಳಗೆ ಪಿಸುಗುಟ್ಟಿದಳು. ಕವಡೆಗಳು ಬುಟ್ಟಿಯಲ್ಲಿ ಉರುಳಿದವು. ಎಷ್ಟು ಬಾಯಿ ಮೇಲಾಗಿ ಬಿದ್ದಿವೆ ಎಂದು ನೋಡಿ, ಆ ಲೆಕ್ಕಕ್ಕೆ ಸೇರಿದ ಕಥೆಗಳನ್ನು ಅವರು ರಾಗವಾಗಿ ಹೇಳತೊಡಗಿದರು. ಯಾವ ಕಥೆ ನಿಮ್ಮದು ಎನಿಸುತ್ತದೋ ಅಲ್ಲಿ ನೀವೇ ನಿಲ್ಲಿಸಬೇಕಂತೆ.

"ಇದು ಮೋಸ" ಎಂದೆ ಕನ್ನಡದಲ್ಲಿ. "ಹತ್ತು ಕಥೆ ಹೇಳಿದ್ರೆ ಒಂದಾದ್ರೂ ಹೊಂದ್ಕೊಳ್ಳುತ್ತೆ."

"ನಿನ್ನ ಟೈಮ್ ಮುಗೀತು ಅಂತ ಗಂಟೆ ಹೊಡೆಯೋರು ಇವತ್ತು ಯಾರೂ ಇಲ್ಲ" ಎಂದು ಚಿಕ್ಕಮ್ಮ ನನ್ನ ತೊಡೆಯ ಮೇಲೊಂದು ಕೊಟ್ಟಳು. "ಅವ್ರು ಹೇಳಿದ್ದನ್ನ ಮಾತ್ರ ಹೇಳೇ."

ಮರ ಕಡಿಯಲು ಹೊರಟ ಬೇಟೆಗಾರನ ಕಥೆ ಹೋಯಿತು. ಮೊಸಳೆಯ ಜೊತೆ ಸ್ನೇಹ ಮಾಡಿದ ಕೋಳಿಯ ಕಥೆಯೂ ಹೋಯಿತು. ಮೂರನೆಯದು ಸಂತೆಗೆ ಹೊರಟ ಹೆಂಗಸಿನದು. ದಾರಿ ಅವಳಿಗೆ ಗೊತ್ತಿತ್ತು. ಆದರೂ ಎದುರಿಗೆ ಸಿಕ್ಕವರನ್ನೆಲ್ಲ ನಿಲ್ಲಿಸಿ, ಸಂತೆಗೆ ಇದೇ ದಾರಿಯೇ ಎಂದು ಕೇಳುತ್ತ ಹೋದಳು. ಕೊನೆಗೆ ಸಿಕ್ಕವರು ಸಂತೆ ಮುಗಿಸಿಕೊಂಡು ಬರುತ್ತಿದ್ದರು.

"ನಿಲ್ಲಿಸಕ್ಕೆ ಹೇಳೇ" ಎಂದಳು ಚಿಕ್ಕಮ್ಮ. "ಅದು ನಾನೇ."

ಹಾಗಾದರೆ ಏನು ಮಾಡಬೇಕು? ನಾನು ಪೆನ್ನು ಹಿಡಿದು ಕಾದಿದ್ದೆ, ತೀರ್ಪು ಬರಲಿ, ಖಂಡಿಸೋಣ ಎಂದು. ತೀರ್ಪು ಬರಲಿಲ್ಲ. ನಮ್ಮ ನದಿತಾಯಿಗೆ ಜೇನು ಒಪ್ಪಿಸು, ಹರಿಯುವ ನೀರಿಗೆ ಬಿಡು, ಅಷ್ಟೇ ಎಂದರು.

"ನಮ್ಮ ಜಿಲ್ಲೇಲಿ ಹರಿಯೋ ನೀರು ಅಂದ್ರೆ ಟ್ಯಾಂಕರ್ದು ಮಾತ್ರ" ಎಂದೆ.

"ಕೆರೆ ಕೋಡಿ ಬಿದ್ದಿದೆಯಲ್ಲೇ" ಎಂದಳು ಅಜ್ಜಿ. ನಿಜ, ಆ ವರ್ಷ ಮಳೆ ಧಾರಾಳವಾಗಿತ್ತು, ಊರಾಚೆಯ ಕೆರೆ ತುಂಬಿ ಹರಿಯುತ್ತಿತ್ತು.

ಆಗ ಪೂಜಾರಿಣಿ ಬೆರಳೆತ್ತಿ ಒಂದು ಮಾತು ಸೇರಿಸಿದರು. ಜೇನನ್ನು ಮೊದಲು ನೀನು ರುಚಿ ನೋಡಬೇಕು, ಆಮೇಲೆ ತಾಯಿಗೆ. ಹಿಂದೆ ಯಾರೋ ಆಕೆಗೆ ಜೇನಿನಲ್ಲಿ ವಿಷವಿಕ್ಕಲು ನೋಡಿದ್ದರಂತೆ. ಅಂದಿನಿಂದ ಕೊಡುವವರು ತಿಂದು ತೋರಿಸದ ಜೇನನ್ನು ಆಕೆ ಮುಟ್ಟುವುದಿಲ್ಲವಂತೆ.

ನಾನು ಅನುವಾದ ಮುಗಿಸಿದ್ದೇ ತಡ, ಅಜ್ಜಿ ಎದ್ದು ನಿಂತಳು. "ದೇವರಿಗೆ ಎಂಜಲಾ? ರಾಮ ರಾಮ. ನೈವೇದ್ಯದ ಪಾಯಸಕ್ಕೆ ಸಕ್ಕರೆ ಸಾಕಾ ಅಂತಾನೂ ನಾವು ನೋಡೋದಿಲ್ಲ. ವಾಸನೇನೂ ತಗೊಳ್ಳಬಾರದು."

ಚಿಕ್ಕಮ್ಮನ ಮುಖವೂ ಸಪ್ಪಗಾಯಿತು. ಅವಳು ಅಂಥವಳೇ. ಹಬ್ಬದ ಅಡಿಗೆಯನ್ನು ಕಣ್ಣಂದಾಜಿನಲ್ಲೇ ಮುಗಿಸುವವಳು, ಎಲ್ಲರೂ ಉಂಡೆದ್ದ ಮೇಲೆ ತಳದಲ್ಲಿ ಉಳಿದದ್ದಕ್ಕೆ ಕೈ ಹಾಕುವವಳು. ಗೆಳತಿ ಮಾತ್ರ ಅಜ್ಜಿಯ ಕೈ ಹಿಡಿದು, ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದಳು: "ಅಜ್ಜಿ, ನಿಮ್ಮ ದೇವರು ಬೇರೆ, ನಮ್ಮ ದೇವರು ಬೇರೆ. ನಮ್ಮ ದೇವರಿಗೆ ಭಯ."

"ಪಾಪ" ಎಂದಳು ಅಜ್ಜಿ. "ಭಯ ಅಂದ್ರೆ ತಿಂದೇ ತೋರಿಸ್ಬೇಕು ಬಿಡು."

ಮಧ್ಯಾಹ್ನ ಮೂರಕ್ಕೆ ಕೆರೆಗೆ ಹೋದೆವು. ಏರಿಯ ಮೇಲೆ ಮೇಕೆ ಮೇಯಿಸುವವರು, ಕೋಡಿಯಲ್ಲಿ ಬಟ್ಟೆ ಒಗೆಯುವವರು, ಮೀನು ಹಿಡಿಯುವವರು, ಊರಿಗೆ ಊರೇ ನೀರು ನೋಡಲು ಬಂದಿತ್ತು. ಚಿಕ್ಕಮ್ಮ ಮೊಣಕಾಲುದ್ದ ನೀರಿಗಿಳಿದು ಜೇನಿನ ಬಾಟಲಿಯ ಮುಚ್ಚಳ ತೆಗೆದಳು. ಸುತ್ತ ನೋಡಿದಳು. ಬೆರಳಿಗೆ ಚೂರು ಜೇನು ಹಾಕಿಕೊಂಡು ಬಾಯಿಗಿಟ್ಟಳು.

ಮತ್ತೆ ಹಾಕಿಕೊಂಡಳು. ಮೂರನೆಯ ಸಲ ಅಂಗೈಗೇ ಸುರಿದುಕೊಂಡಳು.

"ಚಿಕ್ಕಮ್ಮ, ದೇವರಿಗೆ ಉಳಿಸು" ಎಂದೆ.

"ಚೆನ್ನಾಗಿದೆ ಕಣೇ" ಎಂದಳು, ಮೊಣಕೈವರೆಗೆ ಇಳಿದದ್ದನ್ನು ನೆಕ್ಕುತ್ತ. ನಲವತ್ತೆರಡು ವರ್ಷದ ಅಂಗನವಾಡಿ ಟೀಚರು. ಗೆಳತಿ ಚಪ್ಪಾಳೆ ತಟ್ಟುತ್ತಿದ್ದಳು, ಅಜ್ಜಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಉಳಿದ ಜೇನು ನೀರಿಗೆ ಬಿದ್ದು ಎಳೆಎಳೆಯಾಗಿ ಹೋಯಿತು.

ಕವಡೆಗೆ ಏನೂ ತಿಳಿಯದು ಎಂದು ನಾನು ಈಗಲೂ ವಾದಿಸುತ್ತೇನೆ, ಬೇಕಾದವರು ಬರಬಹುದು. ಆದರೆ ಆ ಹೊತ್ತಿನಲ್ಲಿ ಚಿಕ್ಕಮ್ಮ ನನ್ನನ್ನಾಗಲಿ ಅಜ್ಜಿಯನ್ನಾಗಲಿ ಏನೂ ಕೇಳಲಿಲ್ಲ. ನೀರಿನಲ್ಲೇ ನಿಂತು, ಅಂಟುಗೈಯಲ್ಲೇ ಫೋನ್ ತೆಗೆದು ನಂಗಲಿಗೆ ಮಾಡಿದಳು.

"ನೇನೇ" ಎಂದಳು ಅವರ ಕಡೆಯ ತೆಲುಗಿನಲ್ಲಿ, ನಾನೇ ಎಂದು. ಆಮೇಲೆ ತಗ್ಗಿದ ದನಿಯಲ್ಲಿ, "ನಾಕು ಇಷ್ಟಮೇ." ನನಗೆ ಒಪ್ಪಿಗೆ.

ಅತ್ತ ಹೆದ್ದಾರಿಯಲ್ಲಿ ಲಾರಿಗಳು ಒಂದರ ಹಿಂದೊಂದು ಹಾರ್ನ್ ಹೊಡೆಯುತ್ತಿದ್ದವು, ನಮಗೂ ಕೇಳುತ್ತಿತ್ತು. ಏನಂದಿರಿ, ಇನ್ನೊಂದು ಸಲ ಹೇಳಿ ಎಂದರು ಅವರು. ಚಿಕ್ಕಮ್ಮ ಏರಿಯ ಮೇಲಿನ ಜನರನ್ನು ಒಮ್ಮೆ ನೋಡಿದಳು, ಉಸಿರು ಎಳೆದುಕೊಂಡಳು, ಎರಡನೆಯ ಸಲ ಕೂಗಿ ಹೇಳಿದಳು. ಮೇಕೆಯವರು ತಿರುಗಿ ನೋಡಿದರು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಯಾರಿಗಮ್ಮಾ ಅದು?" ಎಂದು ಕೂಗಿದಳು.

ಅವಳಿಗೂ ಚಿಕ್ಕಮ್ಮನೇ ಉತ್ತರ ಕೊಟ್ಟಳು.