ಒಂಟಿ ಬೂಟು

ನಮ್ಮವರು ತೀರಿಕೊಂಡ ಹದಿಮೂರನೆಯ ದಿನದ ಊಟಕ್ಕೆ ಅವರ ಹಳೆಯ ಬೇಸ್‌ಬಾಲ್ ತಂಡದವರೂ ಬಂದಿದ್ದರು. ಸಿಡ್ನಿಯ ಸ್ಕೋಫೀಲ್ಡ್ಸ್‌ನ ನಮ್ಮ ಮನೆಗೆ ಅವರು ಬಂದದ್ದು ಅದೇ ಮೊದಲು. ಹೋಳಿಗೆ ತಿಂದರು, ಹಿತ್ತಿಲಿಗೆ ಹೋಗಿ ಕಾರಿನಿಂದ ತಂದ ಬಿಯರ್ ತೆರೆದರು. ಅತ್ತೆ ನನ್ನ ಮುಖ ನೋಡಿದರು.

ಕ್ಯಾಪ್ಟನ್ ಕಥೆ ಶುರು ಮಾಡಿದ. ಮೆಲ್ಬರ್ನ್‌ನಲ್ಲಿ ಕಪ್ ಗೆದ್ದ ಸಂಜೆ ನಮ್ಮವರು ಮೋಟೆಲ್‌ನ ಮೇಜು ಹತ್ತಿ ಕುಣಿದರಂತೆ. ತಮ್ಮದೇ ಬೂಟಿನಲ್ಲಿ ಬಿಯರ್ ಸುರಿದುಕೊಂಡು ಒಂದೇ ಗುಟುಕಿಗೆ ಕುಡಿದರಂತೆ. ನಮ್ಮ ಕನ್ನಡದ ಸ್ನೇಹಿತರೂ ನಕ್ಕರು. ಇಷ್ಟು ದಿನ ಕೋಣೆ ಬಿಟ್ಟು ಹೊರಗೆ ಬರದ ಮಗಳು ಅವನ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು.

ಆ ಸಂಜೆ ನಾನು ಅಲ್ಲೇ ಇದ್ದೆ, ಬಾಕ್ಸ್ ಹಿಲ್‌ನ ಆ ಮೋಟೆಲ್‌ನಲ್ಲಿ, ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು. ನಮಗೆ ಇಲ್ಲಿ ಖಾಯಂ ನೆಲೆಸಲು ಪಿಆರ್ ಬಂದು ಕೆಲವೇ ತಿಂಗಳಾಗಿತ್ತು. ಹುಬ್ಬಳ್ಳಿಯ ಮೈದಾನಗಳಲ್ಲಿ ಕ್ರಿಕೆಟ್ ಆಡಿ ಪಳಗಿದ ಕೈ ಎಂದು ಅವರು ಕೆಲಸ ಮಾಡುತ್ತಿದ್ದ ಚಾಟ್ಸ್‌ವುಡ್‌ನ ಆಫೀಸಿನವರು ನಮ್ಮವರನ್ನು ತಂಡಕ್ಕೆ ಸೇರಿಸಿಕೊಂಡಿದ್ದರು. ಕೊನೆಯ ಕ್ಯಾಚ್ ಹಿಡಿದದ್ದು ಇವರೇ. ಹಾಗೆ ಗೆಲ್ಲಿಸಿದವನು ತನ್ನ ಬೂಟಿನಲ್ಲೇ ಬಿಯರ್ ಕುಡಿಯುವುದು ಆ ತಂಡದ ಪದ್ಧತಿ. ಇವರು ಕುಡಿಯುವವರಲ್ಲ. ಆದ್ದರಿಂದ ತಂಡದವರು ಇವರ ಬಲಗಾಲಿನ ಬೂಟು ಕಿತ್ತುಕೊಂಡು ತಾವೇ ಸರದಿಯ ಮೇಲೆ ಕುಡಿದರು. ಆಮೇಲೆ ಅದನ್ನು ಮೋಟೆಲ್‌ನ ಸೂರಿನ ಮೇಲೆಸೆದರು. ಈಜುಕೊಳಕ್ಕೆ ಕುರ್ಚಿಗಳನ್ನು ತಳ್ಳಿದರು. ಪಕ್ಕದ ಕೋಣೆಯ ಮುದುಕಿ ಬೈದಾಗ ಅವಳ ದನಿಯನ್ನೇ ಅಣಕಿಸಿದರು. ಮೇಜು ಹತ್ತಿ ಕುಣಿದವನು ಇದೇ ಕ್ಯಾಪ್ಟನ್. ನಮ್ಮವರು ಬರಿಗಾಲಲ್ಲಿ ನಿಂತು ಮೋಟೆಲ್‌ನ ಭಾರತೀಯ ಯಜಮಾನನಿಗೆ ಹಿಂದಿಯಲ್ಲಿ ಕ್ಷಮೆ ಕೇಳುತ್ತಿದ್ದರು. ಬೆಳಿಗ್ಗೆ ಯಾರೋ ಕಾರ್ಪೆಟ್ ಮೇಲೆ ಮಾಡಿದ ವಾಂತಿಯನ್ನು ಇವರೇ ತೊಳೆದರು. ಆಮೇಲೆ ನಿದ್ದೆಹೋದ ತಂಡವನ್ನು ವ್ಯಾನಿನಲ್ಲಿ ತುಂಬಿಕೊಂಡು, ಹವಾಯಿ ಚಪ್ಪಲಿಯಲ್ಲಿ, ಸಿಡ್ನಿಯವರೆಗೆ ಓಡಿಸಿದರು. ದಾರಿಯಲ್ಲಿ ಬೇರೆ ಯಾರೂ ವ್ಯಾನು ಓಡಿಸಲು ಮುಂದೆ ಬರಲಿಲ್ಲ.

ಉಳಿದ ಎಡಗಾಲಿನ ಬೂಟನ್ನು ಒರೆಸಿ ಗ್ಯಾರೇಜಿನಲ್ಲಿಟ್ಟಿದ್ದರು. ಸೂರು ಸ್ವಚ್ಛ ಮಾಡಿಸುವಾಗ ಸಿಕ್ಕರೆ ಇನ್ನೊಂದನ್ನು ಕಳಿಸುತ್ತೇನೆ ಎಂದು ಮೋಟೆಲ್‌ನ ಯಜಮಾನ ಹೇಳಿದ್ದನಂತೆ.

ಕಥೆ ಮುಗಿಯುವುದರೊಳಗೆ ಮಗಳು ಎದ್ದು ಹೋಗಿ ಆ ಬೂಟನ್ನೇ ತಂದಳು. ಕ್ಯಾಪ್ಟನ್ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ. ಇದೇ, ಇದೇ ಬೂಟು, ಅವನ ಹೆಸರಲ್ಲಿ ಇನ್ನೊಂದು ಸಲ ಆಗಲಿ ಎಂದು ಬಿಯರ್ ಡಬ್ಬಿಯನ್ನು ಅದರೊಳಗೆ ಬಗ್ಗಿಸಿದ.

"ಬೂಟಿನ್ಯಾಗ ಹಾಕ್ಕೊಂಡು ಕುಡೀತಾರೇನವಾ ಇವ್ರು?" ಎಂದರು ಅತ್ತೆ. "ಇವತ್ತ?"

ನಾನು ಹೋಗಿ ಅವನ ಕೈಯಿಂದ ಬೂಟು ತೆಗೆದುಕೊಂಡೆ.

"ಅಮ್ಮಾ, ಇಟ್ಸ್ ಫಾರ್ ಅಪ್ಪ," ಎಂದಳು ಮಗಳು.

ಇನ್ನೊಂದು ಬೂಟು ಎಲ್ಲಿ ಎಂದು ನಾನು ಅವನನ್ನು ಇಂಗ್ಲಿಷಿನಲ್ಲಿ ಕೇಳಿದೆ.

ಅವನು ಪಕ್ಕದವನನ್ನು ನೋಡಿದ, ಪಕ್ಕದವನು ಇನ್ನೊಬ್ಬನನ್ನು. "ಯಾವ ಇನ್ನೊಂದು, ಲವ್?" ಎಂದ, ಇಲ್ಲಿಯವರು ಹೆಂಗಸರನ್ನು ಕರೆಯುವ ಹಾಗೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜಕ್ಕೂ ನೆನಪಿರಲಿಲ್ಲ.

ಬೂಟನ್ನು ನಲ್ಲಿಯ ಕೆಳಗೆ ಹಿಡಿದು ಬಿಯರ್ ತೊಳೆದೆ. ಮಗಳು ಆ ವಾರವಿಡೀ ನನ್ನೊಂದಿಗೆ ಮಾತಾಡಲಿಲ್ಲ. ಮೇಜು ಹತ್ತಿ ಕುಣಿದ ಅಪ್ಪ ಅವಳಿಗೆ ಇಷ್ಟವಾಗಿದ್ದ. ಕಾರ್ಪೆಟ್ ತೊಳೆದ ಅಪ್ಪನ ಸಂಗತಿಯನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ.